ಸಿಟಿ ಸ್ಕ್ಯಾನ್‌ನಲ್ಲಿ ಕಾಣಲಿಲ್ಲ ಎಂದರೆ ಕ್ಯಾನ್ಸರ್ ಹರಡಿಲ್ಲ ಎಂದರ್ಥವೇ?

ಪ್ರಶ್ನೆ: ನನ್ನ ಅಪ್ಪನಿಗೆ 61 ವರ್ಷ. ಮಲ್ಪೆಯಲ್ಲಿ ಮೂವತ್ತು ವರ್ಷ ಬೋಟಿನ ತಾಂಡೇಲರಾಗಿದ್ದವರು. ಮೂರು ತಿಂಗಳಿನಿಂದ ಊಟ ಸೇರುತ್ತಿರಲಿಲ್ಲ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತಿತ್ತು. ಎಂಡೋಸ್ಕೋಪಿಯಲ್ಲಿ ಜಠರದ ಕೆಳಭಾಗದಲ್ಲಿ ಹುಣ್ಣು ಕಂಡಿತು. ಬಯಾಪ್ಸಿ ವರದಿಯಲ್ಲಿ ‘ಸಿಗ್ನೆಟ್ ರಿಂಗ್ ಸೆಲ್’ ಕ್ಯಾನ್ಸರ್ ಎಂದಿದೆ. ಸಿಟಿ ಸ್ಕ್ಯಾನ್ ಮಾಡಿಸಿದೆವು. ಜಠರದ ಗೋಡೆ ದಪ್ಪವಾಗಿದೆ, ಪಕ್ಕದಲ್ಲಿ 9 ಮಿ.ಮೀ. ವರೆಗಿನ ದುಗ್ಧಗ್ರಂಥಿಗಳಿವೆ, ಲಿವರ್‌ನಲ್ಲಿ 6 ಮಿ.ಮೀ. ಚುಕ್ಕೆಯೊಂದಿದೆ, ಅದು ಏನೆಂದು ಹೇಳಲಾಗದಷ್ಟು ಚಿಕ್ಕದು, ಕಿಬ್ಬೊಟ್ಟೆಯಲ್ಲಿ ಅತ್ಯಲ್ಪ ನೀರಿದೆ, ದೂರದ ಅಂಗಗಳಿಗೆ ಹರಡಿದ ಸ್ಪಷ್ಟ ಕುರುಹು ಇಲ್ಲ ಎಂದು ವರದಿ ಬಂದಿದೆ. ಈಗ ಡಾಕ್ಟರರು ಪೆಟ್ ಸ್ಕ್ಯಾನ್ ಆಗಬೇಕು, ಆಮೇಲೆ ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡಬೇಕು ಎನ್ನುತ್ತಿದ್ದಾರೆ. ಒಂದು ಸ್ಕ್ಯಾನ್‌ನಲ್ಲಿ ಹರಡಿಲ್ಲ ಎಂದ ಮೇಲೆ ಇವೆಲ್ಲ ಏಕೆ? ದುಡ್ಡಿಗಾಗಿಯೇ? ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂದು ದೊಡ್ಡಪ್ಪ ಬೇಡವೆನ್ನುತ್ತಿದ್ದಾರೆ. ಅಪ್ಪನಿಗೆ ಸಿಗಡಿ ತಿಂದರೆ ಮೈಯೆಲ್ಲ ತುರಿಸುತ್ತದೆ, ಮತ್ತೆ ಸ್ಕ್ಯಾನಿನ ಇಂಜೆಕ್ಷನ್ ಕೊಡಬಹುದೇ?
ಓದುಗರು, ಉಡುಪಿ

ಉತ್ತರ: ವರದಿಯ ಒಂದು ಸಾಲನ್ನೂ ಬಿಡದೆ ಬರೆದು ಕಳಿಸಿದ್ದೀರಿ. ಗಾಬರಿಯ ನಡುವೆಯೂ ಇಷ್ಟು ಗಮನವಿಟ್ಟು ಓದಿದ್ದೀರಲ್ಲ, ನಿಮ್ಮ ತಂದೆಯವರಿಗೆ ಅದೇ ದೊಡ್ಡ ಬಲ.

ದುಡ್ಡಿನ ಮಾತನ್ನು ಮೊದಲು ಮುಗಿಸುತ್ತೇನೆ. ಆ ಸಂಶಯ ಮನಸ್ಸಿನಲ್ಲಿ ಇರುವಷ್ಟು ಹೊತ್ತು ಮಿಕ್ಕದ್ದು ಕಿವಿಗೆ ಹೋಗುವುದಿಲ್ಲ. ನೀವು ಬರೆದಿರುವುದನ್ನು ನೋಡಿದರೆ, ಇಲ್ಲ, ನಿಮ್ಮ ಡಾಕ್ಟರರು ಹೇಳಿರುವುದು ಸರಿಯಾದ ದಾರಿಯೇ. ಎರಡು ಪರೀಕ್ಷೆಗಳಲ್ಲಿ ಯಾವುದಕ್ಕೆ ತೂಕ ಹೆಚ್ಚು ಎಂಬ ಬಗ್ಗೆ ಮಾತ್ರ ನನ್ನದೊಂದು ಅಭಿಪ್ರಾಯವಿದೆ, ಅದನ್ನು ಮುಂದೆ ಹೇಳುತ್ತೇನೆ. ಮಂಗಳೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸ್ಕ್ಯಾನ್ ಓದುವುದೇ ನನ್ನ ಕೆಲಸ. ‘ಹರಡಿದ ಸ್ಪಷ್ಟ ಕುರುಹು ಇಲ್ಲ’ ಎಂಬ ಸಾಲನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬರೆಯುವಾಗ ‘ಸ್ಪಷ್ಟ’ ಎಂಬ ಪದವನ್ನು ಬೇಕೆಂದೇ ಹಾಕುತ್ತೇವೆ. ಮನೆಗೆ ಹೋಗಿ ಓದುವವರ ಕಣ್ಣಿಗೆ ಮಾತ್ರ ‘ಇಲ್ಲ’ ಎಂಬುದೊಂದೇ ಬೀಳುತ್ತದೆ.

ಇದನ್ನು ನಿಮಗಿಂತ ನಿಮ್ಮ ತಂದೆಯವರಿಗೆ ವಿವರಿಸುವುದು ಸುಲಭ. ಅಂಜಲ್ ಹಿಡಿಯುವ ಬಲೆ ಬಿಟ್ಟು ಎಳೆದಾಗ ಬೂತಾಯಿ ಬಾರದಿದ್ದರೆ, ಈ ನೀರಿನಲ್ಲಿ ಬೂತಾಯಿ ಇಲ್ಲವೆಂದು ಯಾವ ತಾಂಡೇಲರೂ ಹೇಳುವುದಿಲ್ಲ. ಬಲೆಯ ಕಣ್ಣು ದೊಡ್ಡದಿತ್ತು ಎನ್ನುತ್ತಾರೆ. ಸ್ಕ್ಯಾನ್‌ಗೂ ಕಣ್ಣಿನ ಅಳತೆ ಇದೆ. ಸಿಟಿಯದು ಒಂದು, ಪೆಟ್‌ನದು ಇನ್ನೊಂದು, ಕ್ಯಾಮೆರಾದ್ದು ಮತ್ತೊಂದು. ಯಾವ ಬಲೆಗೆ ಯಾವುದು ಬೀಳುತ್ತದೆ, ಯಾವುದು ನುಸುಳಿಹೋಗುತ್ತದೆ ಎಂದು ತಿಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಜಠರದ ಕ್ಯಾನ್ಸರ್ ಹುಟ್ಟುವುದು ಒಳಗಿನ ತೆಳುಪದರದಲ್ಲಿ. ಅಲ್ಲಿಂದ ಅದು ಹೊರಟುಹೋಗಲು ದಾರಿಗಳು ಹಲವು. ಗೋಡೆಯ ಪದರಗಳನ್ನು ಒಂದೊಂದಾಗಿ ದಾಟಿ ಪಕ್ಕದ ಮೇದೋಜೀರಕ ಗ್ರಂಥಿಗೋ ದೊಡ್ಡಕರುಳಿಗೋ ನೇರವಾಗಿ ತಾಗಬಹುದು. ದುಗ್ಧನಾಳಗಳ ಮೂಲಕ ಸುತ್ತಲಿನ ಗ್ರಂಥಿಗಳಿಗೆ ಹೋಗಬಹುದು. ಜಠರದ ರಕ್ತವೆಲ್ಲ ಮೊದಲು ಲಿವರ್‌ಗೇ ಹೋಗುವುದರಿಂದ ರಕ್ತದ ಜೊತೆ ಹೊರಟ ಕಣಗಳು ಅಲ್ಲಿ ಬೀಡುಬಿಡಬಹುದು. ಇನ್ನೊಂದು ದಾರಿಯೇ ನಮ್ಮನ್ನು ಹೆಚ್ಚು ಕಾಡುವುದು. ಗಡ್ಡೆ ಜಠರದ ತೀರಾ ಹೊರಗಿನ ಪೊರೆಯನ್ನು ಹರಿದು ಬಂದರೆ ಕಣಗಳು ಹೊಟ್ಟೆಯ ಪೊಳ್ಳಿನೊಳಗೆ ಉದುರುತ್ತವೆ. ಕರುಳು, ಲಿವರ್, ಹೊಟ್ಟೆಯ ಒಳಗೋಡೆ ಎಲ್ಲವನ್ನೂ ಹೊದ್ದಿರುವ ನಯವಾದ ಪೊರೆಯೊಂದಿದೆ, ಪೆರಿಟೋನಿಯಂ ಎನ್ನುತ್ತೇವೆ. ಉದುರಿದ ಕಣಗಳು ಅದರ ಮೇಲೆ ಅಲ್ಲಲ್ಲಿ ಅಂಟಿ ಬೇರು ಬಿಡುತ್ತವೆ. ಜಠರದಿಂದ ಕೆಳಕ್ಕೆ ಕರುಳಿನ ಮುಂದೆ ಸೆರಗಿನ ಹಾಗೆ ಇಳಿಬಿದ್ದ ಕೊಬ್ಬಿನ ಹಾಳೆ, ಅಂದರೆ ಒಮೆಂಟಮ್, ಅವುಗಳಿಗೆ ಅಚ್ಚುಮೆಚ್ಚಿನ ಜಾಗ. ಸಿಗ್ನೆಟ್ ರಿಂಗ್ ಎಂಬ ಜಾತಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಡ್ಡೆ ಕಟ್ಟುವುದು ಕಡಿಮೆ, ಬಿಡಿಬಿಡಿಯಾಗಿ ಗೋಡೆಯೊಳಗೆ ನುಗ್ಗುವುದು ಹೆಚ್ಚು. ಹಾಗಾಗಿ ಪೆರಿಟೋನಿಯಂ ದಾರಿ ಹಿಡಿಯುವುದರಲ್ಲಿ ಇವು ಮುಂದು. ನಿಮ್ಮ ತಂದೆಯವರ ಬಯಾಪ್ಸಿಯಲ್ಲಿ ಬಂದಿರುವುದು ಇದೇ ಹೆಸರು ಎಂಬುದನ್ನು ನೆನಪಿನಲ್ಲಿಡಿ. ಮುಂದೆ ನಾನು ಹೇಳುವುದೆಲ್ಲ ಇದರ ಮೇಲೆ ನಿಂತಿದೆ.

ಈಗ ಸಿಟಿಯ ವಿಷಯ. ನಮ್ಮ ಕಡೆಯ ಪತ್ರೊಡೆಯನ್ನು ನೆನೆಸಿಕೊಳ್ಳಿ. ಸುರುಳಿಯನ್ನು ಹೊರಗಿನಿಂದ ನೋಡಿದರೆ ಎಲೆ ಮಾತ್ರ ಕಾಣುತ್ತದೆ. ಬೇಯಿಸಿ ಬಿಲ್ಲೆಬಿಲ್ಲೆಯಾಗಿ ಕೊಯ್ದಾಗ ಒಳಗೆ ಎಷ್ಟು ಸುತ್ತು, ಎಲ್ಲಿ ಹಿಟ್ಟು ದಪ್ಪ, ಎಲ್ಲಿ ತೆಳು ಎಂದು ಒಂದೊಂದು ಬಿಲ್ಲೆಯೂ ಹೇಳುತ್ತದೆ. ಸಿಟಿ ಯಂತ್ರ ಚಾಕು ಮುಟ್ಟಿಸದೆ ದೇಹವನ್ನು ಹಾಗೆ ಬಿಲ್ಲೆಗಳಾಗಿ ತೋರಿಸುತ್ತದೆ, ಅದೂ ಒಂದು ಮಿಲಿಮೀಟರಿನಷ್ಟು ತೆಳುವಾಗಿ. ಎದೆಯಿಂದ ಕಿಬ್ಬೊಟ್ಟೆಯವರೆಗೆ ಒಬ್ಬರ ಸಿಟಿಯಲ್ಲಿ ನಾವು ನೋಡುವುದು ನೂರಾರು ಬಿಲ್ಲೆಗಳನ್ನು.

ಜಠರವನ್ನು ನೋಡುವ ಸಿಟಿಗೆ ಒಂದು ತಯಾರಿ ಬೇಕು, ಅದನ್ನು ಅವಸರದಲ್ಲಿ ಬಿಟ್ಟುಬಿಡುವುದುಂಟು. ಖಾಲಿ ಜಠರ ಮುದುಡಿದ ಚೀಲ. ಮುದುಡಿದ ಗೋಡೆ ರೋಗವಿಲ್ಲದಿದ್ದರೂ ದಪ್ಪವಾಗಿ ಕಾಣುತ್ತದೆ, ರೋಗವಿದ್ದರೆ ಮಡಿಕೆಗಳ ನಡುವೆ ಅಡಗಿಬಿಡುತ್ತದೆ. ಆದ್ದರಿಂದ ಮೇಜಿನ ಮೇಲೆ ಮಲಗಿಸುವ ಮೊದಲು ಅರ್ಧದಿಂದ ಒಂದು ಲೀಟರಿನಷ್ಟು ನೀರು ಕುಡಿಸುತ್ತೇವೆ. ಹೇಳುವುದು ಸುಲಭ. ಎರಡು ತುತ್ತಿಗೇ ಹೊಟ್ಟೆ ತುಂಬುವ ಮನುಷ್ಯನಿಗೆ ಆ ನೀರು ಎಂಥ ಕಷ್ಟವೆಂದು ನಾನು ದಿನವೂ ಕಾಣುತ್ತೇನೆ. ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಬಾಟಲಿ ಹಿಡಿದು ಕೂತಿರುತ್ತಾರೆ, ಪಕ್ಕದಲ್ಲಿ ಹೆಂಡತಿಯೋ ಮಗಳೋ ‘ಇನ್ನೊಂದು ಗುಟುಕು’ ಎನ್ನುತ್ತಿರುತ್ತಾರೆ, ಅವರು ತಲೆ ಅಲ್ಲಾಡಿಸಿ ಕಣ್ಣು ಮುಚ್ಚಿ ನುಂಗುತ್ತಾರೆ. ಆ ಗುಟುಕುಗಳ ಬೆಲೆ ನನಗೆ ಪರದೆಯ ಮೇಲೆ ಕಾಣುತ್ತದೆ. ಹಿಗ್ಗಿದ ಜಠರದಲ್ಲಿ ಆರೋಗ್ಯವಾಗಿರುವ ಗೋಡೆ ತೆಳುವಾಗಿ ಚಾಚಿಕೊಂಡಿರುತ್ತದೆ, ರೋಗದ ಭಾಗ ಮಾತ್ರ ಬಿಗಿದುಕೊಂಡು ನಿಲ್ಲುತ್ತದೆ. ಮುಂದೊಮ್ಮೆ ಸಿಟಿ ಮಾಡಿಸುವಾಗ ತಂತ್ರಜ್ಞರು ನೀರು ಕುಡಿಸದೆ ಕರೆದರೆ, ಇದು ಜಠರವನ್ನು ನೋಡುವ ಸ್ಕ್ಯಾನ್ ಎಂದು ನೆನಪಿಸಿ. ಯಾರೂ ತಪ್ಪು ತಿಳಿಯುವುದಿಲ್ಲ.

ಆಮೇಲೆ ಕೈಯ ನರಕ್ಕೆ ಕೊಡುವ ಇಂಜೆಕ್ಷನ್. ಅಯೋಡಿನ್ ಬೆರೆತ ಈ ದ್ರವ ರಕ್ತನಾಳಗಳಲ್ಲಿ ಹರಿದಾಗ ಮೈಯೆಲ್ಲ ಬಿಸಿಯಾದ ಹಾಗೆ, ಕೆಲವರಿಗೆ ಮೂತ್ರ ಹೋದ ಹಾಗೆ ಅನ್ನಿಸುತ್ತದೆ. ಅರೆಗಳಿಗೆಯ ಅನುಭವ, ಮೊದಲೇ ಹೇಳಿದ್ದರೆ ಹೆದರಿಕೆಯಾಗುವುದಿಲ್ಲ. ಸಿಗಡಿಯ ಪ್ರಶ್ನೆ ಬರುವುದು ಇಲ್ಲಿಯೇ. ಕರಾವಳಿಯಲ್ಲಿ ಇದನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ, ಕೆಲವೊಮ್ಮೆ ಇದೇ ಕಾರಣಕ್ಕೆ ಸ್ಕ್ಯಾನ್ ಮುಂದೂಡಿ ಬಂದವರೂ ಇದ್ದಾರೆ. ಸಿಗಡಿ, ಏಡಿ ತಿಂದು ಮೈ ತುರಿಸುವುದು ಅವುಗಳ ಮಾಂಸದ ಒಂದು ಪ್ರೋಟೀನಿನಿಂದ. ಅಯೋಡಿನ್‌ಗೂ ಅದಕ್ಕೂ ಸಂಬಂಧವಿಲ್ಲ. ಸಿಗಡಿ ಒಗ್ಗದವರಿಗೆ ಈ ಇಂಜೆಕ್ಷನ್ನೂ ಒಗ್ಗದು ಎಂಬುದು ಹಳೆಯ ತಪ್ಪು ತಿಳಿವಳಿಕೆ. ಈ ಹಿಂದೆ ಇದೇ ಇಂಜೆಕ್ಷನ್‌ನಿಂದ ದದ್ದು, ಉಬ್ಬಸ ಬಂದಿದ್ದರೆ ಅದು ಬೇರೆ ಮಾತು, ಅದನ್ನು ತಪ್ಪದೆ ಹೇಳಬೇಕು. ನಿಮ್ಮ ತಂದೆಯವರಿಗೆ ಒಮ್ಮೆ ಕೊಟ್ಟು ಏನೂ ಆಗಿಲ್ಲವೆಂದರೆ ಮತ್ತೊಮ್ಮೆ ಕೊಡಲು ಸಿಗಡಿ ಅಡ್ಡಿಯಲ್ಲ. ನೋಡಬೇಕಾದದ್ದು ಮೂತ್ರಪಿಂಡ. ಕ್ರಿಯಾಟಿನಿನ್ ಪರೀಕ್ಷೆ ಕೇಳುವುದು ಅದಕ್ಕಾಗಿಯೇ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದು ಮೂತ್ರಪಿಂಡ ತೀರಾ ಕುಂದಿದ್ದರೆ, ಸ್ಕ್ಯಾನ್ ಆದ ಮೇಲೆ ಎರಡು ದಿನ ಆ ಮಾತ್ರೆಯನ್ನು ನಿಲ್ಲಿಸಿ ಎನ್ನುತ್ತೇವೆ.

ಇನ್ನು ನಿಮ್ಮ ವರದಿಯ ಮೂರು ಸಾಲುಗಳು.

ಒಂಬತ್ತು ಮಿಲಿಮೀಟರಿನ ಗ್ರಂಥಿಗಳು. ಸಿಟಿಯಲ್ಲಿ ಗ್ರಂಥಿಯನ್ನು ನಾವು ಹೆಚ್ಚಾಗಿ ಅಳೆಯುವುದು ಗಾತ್ರದಿಂದ. ಎಂಟು, ಹತ್ತು ಮಿಲಿಮೀಟರ್ ದಾಟಿದರೆ, ಆಕಾರ ಉರುಟಾಗಿದ್ದರೆ, ಒಂದೆಡೆ ಗುಂಪಾಗಿದ್ದರೆ ಅನುಮಾನ. ಆದರೆ ಐದು ಮಿಲಿಮೀಟರಿನ ಗ್ರಂಥಿಯಲ್ಲಿಯೂ ಕ್ಯಾನ್ಸರ್ ಕಣ ಇರಬಹುದು, ಹದಿನೈದರದ್ದು ಬರೀ ಉರಿಯೂತದಿಂದ ಊದಿರಬಹುದು. ಖಚಿತವಾಗುವುದು ಶಸ್ತ್ರಕ್ರಿಯೆಯಲ್ಲಿ ತೆಗೆದ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. ಅದಕ್ಕಾಗಿಯೇ ಶಸ್ತ್ರವೈದ್ಯರು ಕನಿಷ್ಠ 16 ಗ್ರಂಥಿಗಳಾದರೂ ಪ್ರಯೋಗಾಲಯಕ್ಕೆ ಹೋಗುವಂತೆ ನೋಡಿಕೊಳ್ಳುತ್ತಾರೆ. ಜಠರದ ಪಕ್ಕದ ಗ್ರಂಥಿಗಳು ಜಠರದ ಜೊತೆಗೇ ಹೊರಬರುವಂಥವು, ಹಾಗಾಗಿ ಈ ಸಾಲನ್ನು ಓದಿ ಎದೆಗುಂದಬೇಡಿ.

ಲಿವರ್‌ನ ಆರು ಮಿಲಿಮೀಟರಿನ ಚುಕ್ಕೆ. ಇಷ್ಟು ಚಿಕ್ಕ ಚುಕ್ಕೆಗಳು ಆರೋಗ್ಯವಂತರ ಲಿವರ್‌ನಲ್ಲಿಯೂ ಬೇಕಾದಷ್ಟು ಕಾಣುತ್ತವೆ. ಹೆಚ್ಚಿನವು ನೀರುಗುಳ್ಳೆಗಳು, ಇಲ್ಲವೇ ರಕ್ತನಾಳದ ನಿರಪಾಯದ ಗಂಟುಗಳು. ಕ್ಯಾನ್ಸರ್ ಇರುವವರಲ್ಲಿ ಕಂಡಾಗಲೂ ಬಹುಪಾಲು ಇವೇ. ಆದರೂ ಇದನ್ನು ಹಾಗೇ ಬಿಡುವಂತಿಲ್ಲ. ಅದೊಂದು ಚುಕ್ಕೆ ಕ್ಯಾನ್ಸರ್ ಆಗಿದ್ದರೆ ಚಿಕಿತ್ಸೆಯ ದಿಕ್ಕೇ ಬದಲಾಗುತ್ತದೆ. ಇಲ್ಲಿ ಎಂಆರ್‌ಐ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ನೀರೋ, ರಕ್ತವೋ, ಗಟ್ಟಿ ಮಾಂಸವೋ ಎಂದು ಬೇರ್ಪಡಿಸುವುದರಲ್ಲಿ ಅದು ಸಿಟಿಗಿಂತ ಒಂದು ಕೈ ಮೇಲು. ‘ಲಿವರ್‌ನ ಚುಕ್ಕೆಗೆ ಎಂಆರ್‌ಐ ಬೇಕೇ?’ ಎಂದು ನೀವಾಗಿಯೇ ಕೇಳಿ.

ಕಿಬ್ಬೊಟ್ಟೆಯ ನೀರು. ನೀವು ಬಹುಶಃ ಬೇಗ ಓದಿ ಮುಂದೆ ಹೋಗಿರುವ ಸಾಲು ಇದು, ನಾನು ನಿಂತು ಓದಿದ್ದೂ ಇದನ್ನೇ. ಹರೆಯದ ಹೆಣ್ಣುಮಕ್ಕಳಲ್ಲಿ ತಿಂಗಳ ಸಹಜ ಏರಿಳಿತದಿಂದ ಅಲ್ಲಿ ತುಸು ನೀರು ಕಾಣುವುದುಂಟು. ಅರವತ್ತು ದಾಟಿದ ಗಂಡಸಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಮೂರು ತಿಂಗಳು ಊಟ ಬಿಟ್ಟು ರಕ್ತದ ಪ್ರೋಟೀನ್ ಇಳಿದಿರುವುದರಿಂದಲೂ ಸೇರಿರಬಹುದು. ಪೆರಿಟೋನಿಯಂನಲ್ಲಿ ರೋಗ ಮೊಳೆತಿರುವುದರ ಮೊದಲ ಸುಳಿವೂ ಆಗಿರಬಹುದು. ಎರಡರಲ್ಲಿ ಯಾವುದೆಂದು ಸಿಟಿ ಹೇಳಲಾರದು. ಇಷ್ಟು ಕಡಿಮೆ ನೀರನ್ನು ಹೊರಗಿನಿಂದ ಸೂಜಿ ಹಾಕಿ ತೆಗೆಯುವುದೂ ಕಷ್ಟ. ಸಿಗ್ನೆಟ್ ರಿಂಗ್ ಎಂಬ ಹೆಸರು, ಜೊತೆಗೆ ಈ ನೀರು, ಎರಡೂ ಸೇರಿದ್ದರಿಂದಲೇ ನಿಮ್ಮ ಡಾಕ್ಟರರು ಕ್ಯಾಮೆರಾ ಹಾಕಿ ನೋಡಬೇಕು ಎಂದಿದ್ದಾರೆ ಎಂದು ನನ್ನ ಊಹೆ.

ಪೆಟ್ ಸ್ಕ್ಯಾನ್ ಕೆಲಸ ಮಾಡುವ ಬಗೆಯೇ ಬೇರೆ. ಸಿಟಿ ಆಕಾರವನ್ನು ನೋಡುತ್ತದೆ, ಪೆಟ್ ಹಸಿವನ್ನು ನೋಡುತ್ತದೆ. ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ ಸಕ್ಕರೆಯಂಥ ದ್ರವ್ಯವನ್ನು ನರಕ್ಕೆ ಕೊಟ್ಟು ಸುಮಾರು ಒಂದು ಗಂಟೆ ಅಲುಗಾಡದೆ ಮಲಗಿಸುತ್ತಾರೆ. ಬೇಗಬೇಗ ಬೆಳೆಯುವ ಕ್ಯಾನ್ಸರ್ ಕಣಗಳು ಸಕ್ಕರೆಗೆ ಬಾಯಿ ಬಿಡುತ್ತವೆ, ತಿಂದ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಆರು ಗಂಟೆ ಉಪವಾಸ ಇರಬೇಕು, ರಕ್ತದ ಸಕ್ಕರೆ 200ರ ಒಳಗೆ ಇರಬೇಕು. ಆ ದ್ರವ್ಯದ ವಿಕಿರಣ 110 ನಿಮಿಷಕ್ಕೆ ಅರ್ಧಕ್ಕೆ ಇಳಿಯುವುದರಿಂದ ಕೊಟ್ಟ ಸಮಯಕ್ಕೆ ಹಾಜರಿರಲೇಬೇಕು. ದೂರದ ಗ್ರಂಥಿ, ಎಲುಬು, ಲಿವರ್, ಯಾರೂ ಹುಡುಕದ ಮೂಲೆಗಳು, ಇವುಗಳಲ್ಲಿ ಅವಿತ ರೋಗವನ್ನು ಅದು ಹಿಡಿದುಕೊಟ್ಟ ಸಂದರ್ಭಗಳು ನನ್ನ ಅನುಭವದಲ್ಲಿಯೇ ಸಾಕಷ್ಟಿವೆ.

ಆದರೆ ಸಿಗ್ನೆಟ್ ರಿಂಗ್ ಕಣಗಳಲ್ಲಿ ಅನೇಕವು ಸಕ್ಕರೆಗೆ ಅಷ್ಟಾಗಿ ಆಸೆಪಡುವುದಿಲ್ಲ. ಕಣದ ಹೊಟ್ಟೆಯಲ್ಲಿ ಲೋಳೆ ತುಂಬಿಕೊಂಡಿರುತ್ತದೆ. ಆ ಲೋಳೆಯೇ ಬೀಜಕೇಂದ್ರವನ್ನು ಬದಿಗೆ ಒತ್ತಿ, ಮುದ್ರೆಯುಂಗುರದ ರೂಪ ಕೊಟ್ಟು, ಆ ಹೆಸರು ತಂದಿರುವುದು. ಹೀಗಾಗಿ ಈ ಜಾತಿಯಲ್ಲಿ ರೋಗವಿದ್ದೂ ಪೆಟ್ ಮಂಕಾಗಿ ಕಾಣಬಹುದು. ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಗಂಟುಗಳನ್ನೂ ಅದು ಬಿಟ್ಟುಬಿಡಬಹುದು. ಇದಕ್ಕೆ ತಿರುಗುಮುರುಗಾದ ಮೋಸವೂ ಒಂದಿದೆ. ಕ್ಷಯದ ಗ್ರಂಥಿಯೂ ಪೆಟ್‌ನಲ್ಲಿ ಕ್ಯಾನ್ಸರಿನಷ್ಟೇ ಹೊಳೆಯುತ್ತದೆ. ಕ್ಷಯ ಇನ್ನೂ ಬಿಟ್ಟುಹೋಗದ ನಮ್ಮ ದೇಶದಲ್ಲಿ, ಹೊಳೆದದ್ದನ್ನೆಲ್ಲ ಕ್ಯಾನ್ಸರ್ ಎಂದು ಬರೆದುಬಿಟ್ಟರೆ ಗುಣವಾಗಬಹುದಾದವರನ್ನು ನಾವೇ ಕೈಬಿಟ್ಟ ಹಾಗಾಗುತ್ತದೆ. ಎದೆಯಲ್ಲೋ ಕುತ್ತಿಗೆಯಲ್ಲೋ ಒಂಟಿ ಗ್ರಂಥಿ ಹೊಳೆದರೆ ಸೂಜಿ ಹಾಕಿ ಪರೀಕ್ಷಿಸದೆ ‘ಹರಡಿದೆ’ ಎಂಬ ತೀರ್ಮಾನವನ್ನು ಒಪ್ಪಿಕೊಳ್ಳಬೇಡಿ. ಸಕ್ಕರೆಯ ಬದಲು ಬೇರೆ ದ್ರವ್ಯ ಬಳಸುವ ‘ಫಾಪಿ’ ಪೆಟ್ ಎಂಬ ಹೊಸ ಬಗೆ ಸಿಗ್ನೆಟ್ ರಿಂಗ್‌ನಲ್ಲಿ ಹೆಚ್ಚು ಚೆನ್ನಾಗಿ ತೋರಿಸುತ್ತಿದೆ. ಅದು ಇನ್ನೂ ಎಲ್ಲ ಕಡೆಯೂ ರೂಢಿಗೆ ಬಂದಿಲ್ಲ.

ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡುವ ಲ್ಯಾಪರೋಸ್ಕೋಪಿಯ ಬಗ್ಗೆ ಹೇಳುವ ಮೊದಲು ನನ್ನ ಒಂದು ವರದಿಯ ಕಥೆ ಹೇಳಬೇಕು.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳು. ನಲವತ್ತೆಂಟು ವರ್ಷದ ಒಬ್ಬ ತಾಯಿ, ಘಟ್ಟದ ಬುಡದ ಹಳ್ಳಿಯವರು. ಸಿಟಿಯನ್ನು ನಾನೇ ಓದಿದ್ದೆ. ಜಠರದಲ್ಲಿ ಗಡ್ಡೆ, ಪಕ್ಕದಲ್ಲಿ ಎರಡು ಗ್ರಂಥಿ, ಲಿವರ್ ಶುಭ್ರ, ನೀರಿಲ್ಲ. ‘ರೋಗ ಜಠರಕ್ಕೆ ಸೀಮಿತ’ ಎಂದು ಬರೆದೆ. ಆಗ ಲ್ಯಾಪರೋಸ್ಕೋಪಿ ಮಾಡಿ ನೋಡುವ ಪದ್ಧತಿ ನಾವಿದ್ದಲ್ಲಿ ಇನ್ನೂ ಬಂದಿರಲಿಲ್ಲ. ಒಂದು ವಾರದ ಮೇಲೆ ಶಸ್ತ್ರಕ್ರಿಯೆಯ ಕೋಣೆಯಿಂದ ಕರೆ ಬಂತು: ಒಮ್ಮೆ ಬಂದು ನೋಡಿ. ಗೌನು ತೊಟ್ಟು ಹೋದೆ. ಹೊಟ್ಟೆ ತೆರೆದಿತ್ತು. ಶಸ್ತ್ರವೈದ್ಯರು ಏನೂ ಹೇಳದೆ ಒಮೆಂಟಮ್‌ನ ಸೆರಗನ್ನು ಎರಡು ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದರು. ನೆನೆಸಿದ ಸಾಬಕ್ಕಿಯನ್ನು ಒದ್ದೆ ಬಟ್ಟೆಯ ಮೇಲೆ ಎರಚಿದ ಹಾಗೆ, ಬಿಳಿಯ ಕಾಳುಗಳು. ಕೆಲವು ರವೆಯಷ್ಟು ಸಣ್ಣವು. ಕರುಳಿನ ಮೇಲೆ, ಲಿವರ್‌ನ ಅಂಚಿನಲ್ಲಿ, ಎಲ್ಲಿ ನೋಡಿದರಲ್ಲಿ. ಜಠರವನ್ನು ತೆಗೆದು ಪ್ರಯೋಜನವಿರಲಿಲ್ಲ, ಹೊಟ್ಟೆಯನ್ನು ಮುಚ್ಚಿದರು. ಹಿಂತಿರುಗಿ ಬಂದು ಅದೇ ಸಿಟಿಯನ್ನು ಮತ್ತೆ ತೆರೆದು ಒಂದೊಂದು ಬಿಲ್ಲೆಯನ್ನೂ ನೋಡುತ್ತ ಕೂತೆ. ಏನಿದೆಯೆಂದು ಗೊತ್ತಿದ್ದೂ ಹುಡುಕಿದೆ. ಒಂದು ಕಡೆ ಕೊಬ್ಬಿನಲ್ಲಿ ಮಂಜು ಕವಿದಂಥ ತೆಳು ಮಸುಕು, ಅಷ್ಟೇ. ಆ ತಾಯಿಗೆ ಹೊಟ್ಟೆಯ ಉದ್ದದ ಗಾಯ ಮಾಗುವವರೆಗೆ ಕಿಮೋಥೆರಪಿ ಶುರುಮಾಡಲಾಗಲಿಲ್ಲ. ಆ ವಾರಗಳು ಅವರಿಗೆ ಬಹಳ ಬೆಲೆಯುಳ್ಳವಾಗಿದ್ದವು. ನನ್ನ ವರದಿಯ ಆ ಮೂರು ಪದಗಳು ಈಗಲೂ ನನ್ನ ಜೊತೆಗಿವೆ.

ಸಿಟಿಯ ಬಲೆಗೆ ಬೀಳದ್ದು ಈ ಕಾಳುಗಳೇ. ಅವು ದೊಡ್ಡದಾಗಿ ಒಂದಕ್ಕೊಂದು ಕೂಡಿಕೊಂಡಾಗ, ಒಮೆಂಟಮ್ ಗಟ್ಟಿ ಹಲಗೆಯಂತಾದಾಗ, ನೀರು ತುಂಬಿದಾಗ ಸಿಟಿಯಲ್ಲಿ ಚೆನ್ನಾಗಿಯೇ ಕಾಣುತ್ತವೆ. ಐದು ಮಿಲಿಮೀಟರಿನ ಕೆಳಗೆ, ಕರುಳಿನ ಮಡಿಕೆಗಳ ನಡುವೆ ಇದ್ದರೆ ಕಣ್ಣಿಗೆ ಬೀಳದೇ ಹೋಗುವುದೇ ಹೆಚ್ಚು. ಕ್ಯಾಮೆರಾಕ್ಕೆ ಅವು ನೇರವಾಗಿ ಕಾಣುತ್ತವೆ.

ಅರಿವಳಿಕೆ ಕೊಟ್ಟು, ಹೊಕ್ಕುಳ ಬಳಿ ಒಂದು ಸೆಂಟಿಮೀಟರಿನಷ್ಟು ತೂತು ಮಾಡಿ, ಗಾಳಿ ತುಂಬಿ, ಕ್ಯಾಮೆರಾ ಇಳಿಸುತ್ತಾರೆ. ಲಿವರ್‌ನ ಮೇಲ್ಮೈ, ವಪೆಯ ಅಡಿಭಾಗ, ಒಮೆಂಟಮ್, ಕಿಬ್ಬೊಟ್ಟೆಯ ತಗ್ಗು, ಎಲ್ಲವನ್ನೂ ಸುತ್ತಿ ನೋಡುತ್ತಾರೆ. ಅನುಮಾನದ ಚುಕ್ಕೆ ಇದ್ದರೆ ಚಿವುಟಿ ಪರೀಕ್ಷೆಗೆ ಕಳಿಸುತ್ತಾರೆ. ಕೊನೆಗೆ ಸಲೈನ್ ನೀರನ್ನು ಒಳಗೆ ಬಿಟ್ಟು, ಆಡಿಸಿ, ಹೊರತೆಗೆದು ಅದರಲ್ಲಿ ಕ್ಯಾನ್ಸರ್ ಕಣ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈ ತೊಳೆದ ನೀರಿನ ಪರೀಕ್ಷೆಯನ್ನು ಬಿಡಬಾರದು. ಕಣ್ಣಿಗೆ ಒಂದು ಕಾಳೂ ಕಾಣದಿದ್ದರೂ ನೀರಿನಲ್ಲಿ ಕಣ ಸಿಕ್ಕರೆ ಅದನ್ನು ನಾಲ್ಕನೆಯ ಹಂತವೆಂದೇ ಲೆಕ್ಕ ಹಾಕುತ್ತಾರೆ. ಹೆಚ್ಚಿನವರು ಅದೇ ದಿನ ಇಲ್ಲವೇ ಮರುದಿನ ಮನೆಗೆ ಹೋಗುತ್ತಾರೆ.

ನೆದರ್‌ಲೆಂಡ್ಸ್‌ನಲ್ಲಿ 394 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅವರೆಲ್ಲರ ಗಡ್ಡೆಯೂ ಗೋಡೆಯಲ್ಲಿ ಆಳಕ್ಕೆ ಇಳಿದಿತ್ತು, ಸಿಟಿಯ ಮಟ್ಟಿಗೆ ಮಾತ್ರ ಶಸ್ತ್ರಕ್ರಿಯೆಯಿಂದ ಗುಣವಾಗಬಹುದು ಎನ್ನುವಂತಿತ್ತು. ಪೆಟ್ ದೂರದ ಹರಡುವಿಕೆಯನ್ನು ಹೊಸದಾಗಿ ಕಂಡುಹಿಡಿದದ್ದು ಶೇ. 3 ಮಂದಿಯಲ್ಲಿ. ಲ್ಯಾಪರೋಸ್ಕೋಪಿ ಪೆರಿಟೋನಿಯಂನ ರೋಗವನ್ನೋ ತೆಗೆಯಲಾಗದ ಗಡ್ಡೆಯನ್ನೋ ಕಂಡದ್ದು ಶೇ. 19 ಮಂದಿಯಲ್ಲಿ. ನನ್ನ ಅಭಿಪ್ರಾಯ ಇದೆ ಎಂದೆನಲ್ಲ, ಅದು ಇದು: ಎರಡನ್ನೂ ಮಾಡಿಸುವ ಅನುಕೂಲವಿದ್ದರೆ ಮಾಡಿಸಿ. ದುಡ್ಡು ಒಂದಕ್ಕೇ ಸಾಲುವುದೆಂದಾದರೆ, ಸಿಗ್ನೆಟ್ ರಿಂಗ್ ಇರುವ, ಕಿಬ್ಬೊಟ್ಟೆಯಲ್ಲಿ ನೀರು ಕಂಡಿರುವ ನಿಮ್ಮ ತಂದೆಯವರ ವಿಷಯದಲ್ಲಿ ನಾನು ಲ್ಯಾಪರೋಸ್ಕೋಪಿಯನ್ನೇ ಆರಿಸುತ್ತೇನೆ. ಸ್ಕ್ಯಾನ್ ಓದಿ ಬದುಕುವವನೊಬ್ಬ ಸ್ಕ್ಯಾನ್ ಬಿಟ್ಟು ಬೇರೆಯದನ್ನು ಮೊದಲು ಮಾಡಿಸಿ ಎನ್ನುತ್ತಿದ್ದಾನೆ ಎಂದು ನಿಮ್ಮ ಡಾಕ್ಟರರಿಗೆ ಹೇಳಿ, ಅವರ ಮಾತನ್ನೂ ಕೇಳಿ. ರೋಗಿಯನ್ನು ಕಣ್ಣೆದುರು ಕಂಡವರು ಅವರು, ಕೊನೆಯ ಮಾತು ಅವರದೇ.

ದೊಡ್ಡಪ್ಪನವರ ಹೆದರಿಕೆಗೂ ಒಂದು ಹಿನ್ನೆಲೆ ಇದೆ, ಅವರನ್ನು ಹಗುರವಾಗಿ ಕಾಣಬೇಡಿ. ಹಿಂದೆ ಹೊಟ್ಟೆನೋವೆಂದು ಹೋದವರನ್ನು ಕೊಯ್ದು ನೋಡಿ, ರೋಗ ಆಗಲೇ ಹರಡಿರುವುದು ಕಂಡು ಮುಚ್ಚಿ ಕಳಿಸುತ್ತಿದ್ದರು. ಅವರು ತಿಂಗಳೊಪ್ಪತ್ತಿನಲ್ಲಿ ತೀರಿಕೊಂಡರೆ ಊರವರು ಚಾಕುವನ್ನು ದೂರಿದರು. ಹರಡಿದ್ದು ಚಾಕು ಮುಟ್ಟುವ ಮೊದಲೇ. ಕ್ಯಾಮೆರಾ ಹಾಕಿ ನೋಡುವುದರ ಉದ್ದೇಶವೇ ಹಾಗೆ ವ್ಯರ್ಥವಾಗಿ ಕೊಯ್ಯುವುದನ್ನು ತಪ್ಪಿಸುವುದು. ದೊಡ್ಡಪ್ಪನವರು ಬೇಡವೆನ್ನುತ್ತಿರುವುದು ಯಾವ ಸಂಕಟ ಬಾರದಿರಲೆಂದೋ, ಈ ಪರೀಕ್ಷೆ ಇರುವುದೂ ಅದು ಬಾರದಿರಲೆಂದೇ. ಅವರಿಗೆ ಹೀಗೆ ಹೇಳಿ ನೋಡಿ.

ಕಾಳುಗಳು ಕಂಡರೆ ಎಲ್ಲ ಮುಗಿಯಿತೇ ಎಂದು ನೀವು ಕೇಳಿಲ್ಲ, ಆದರೆ ಆ ಪ್ರಶ್ನೆ ನಿಮ್ಮ ಪತ್ರದ ಸಾಲುಗಳ ನಡುವೆ ಇದೆ. ಕಂಡರೆ ಮೊದಲು ದೊಡ್ಡ ಶಸ್ತ್ರಕ್ರಿಯೆ ಇರುವುದಿಲ್ಲ, ಔಷಧ ಶುರುವಾಗುತ್ತದೆ. ಬಯಾಪ್ಸಿಯ ತುಣುಕಿನ ಮೇಲೆಯೇ ಇನ್ನೂ ಕೆಲವು ಪರೀಕ್ಷೆ ಮಾಡಿ ಯಾವ ಔಷಧ ಒಗ್ಗುತ್ತದೆಂದು ನೋಡುತ್ತಾರೆ. ಪೂರ್ತಿ ಗುಣದ ಭರವಸೆ ಆಗ ಕಡಿಮೆ, ಅದನ್ನು ಮುಚ್ಚಿಡಲಾರೆ. ಆದರೆ ನೋವಿಲ್ಲದೆ, ಊಟ ಮಾಡುತ್ತ, ಮನೆಯವರ ನಡುವೆ ಕಳೆಯುವ ಕಾಲವನ್ನು ಹಿಗ್ಗಿಸಲು ದಾರಿಗಳಿವೆ. ಏನೂ ಕಾಣದೆ, ನೀರೂ ಶುಭ್ರವಾಗಿದ್ದರೆ, ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆಯಂತೆ ನಾಲ್ಕು ಸುತ್ತು ಕಿಮೋಥೆರಪಿ ಕೊಟ್ಟು, ಮತ್ತೆ ಸಿಟಿ ಮಾಡಿ, ಆಮೇಲೆ ಶಸ್ತ್ರಕ್ರಿಯೆ. ಆ ಎರಡನೆಯ ಸಿಟಿಯನ್ನು ಓದುವುದು ಮೊದಲನೆಯದಕ್ಕಿಂತ ಕಷ್ಟ. ಔಷಧಕ್ಕೆ ಸತ್ತ ಗಡ್ಡೆಯ ಕಲೆಯೂ ಬದುಕಿರುವ ಗಡ್ಡೆಯೂ ಒಂದೇ ರೀತಿ ದಪ್ಪವಾಗಿ ಕಾಣಬಹುದು. ‘ಗೋಡೆ ಇನ್ನೂ ದಪ್ಪವಿದೆ’ ಎಂದು ವರದಿ ಬಂದರೆ ಔಷಧ ಹಿಡಿದಿಲ್ಲವೆಂದು ತಿಳಿದು ಕೂರಬೇಡಿ.

ಉಳಿದ ಪರೀಕ್ಷೆಗಳದ್ದು ಎರಡು ಮಾತು. ಅಲ್ಟ್ರಾಸೌಂಡ್ ನಿಮ್ಮ ತಂದೆಯವರ ಬೋಟಿನ ಫಿಶ್ ಫೈಂಡರ್‌ನ ತತ್ವದ್ದೇ, ಶಬ್ದದ ಅಲೆ ಕಳಿಸಿ ಮರುದನಿ ಕೇಳುವುದು. ನೀರನ್ನೂ ಲಿವರ್‌ನ ದೊಡ್ಡ ಗಂಟನ್ನೂ ತೋರಿಸುತ್ತದೆ, ಹೊಟ್ಟೆಯ ಗಾಳಿ ಎದುರಾದರೆ ಕುರುಡಾಗುತ್ತದೆ. ಅದೊಂದನ್ನೇ ನೆಚ್ಚಿ ಹರಡಿಲ್ಲ ಎನ್ನುವಂತಿಲ್ಲ. ಎಂಡೋಸ್ಕೋಪಿನ ತುದಿಗೆ ಅದೇ ಅಲ್ಟ್ರಾಸೌಂಡ್ ಜೋಡಿಸಿ ಜಠರದ ಒಳಗಿನಿಂದ ಗೋಡೆಯ ಐದು ಪದರಗಳನ್ನು ನೋಡುವ ಕ್ರಮವೂ ಇದೆ. ಗಡ್ಡೆ ತೀರಾ ಆರಂಭದಲ್ಲಿದ್ದು, ಎಂಡೋಸ್ಕೋಪಿಯಲ್ಲಿಯೇ ಕೆರೆದು ತೆಗೆಯಬಹುದೇ ಎಂಬ ಪ್ರಶ್ನೆ ಇದ್ದಾಗ ಅದು ಬೇಕಾಗುತ್ತದೆ. ನಿಮ್ಮಲ್ಲಿ ಆ ಹಂತ ದಾಟಿದಂತೆ ಕಾಣುತ್ತದೆ. ಮನೆಯ ಹೆಣ್ಣುಮಕ್ಕಳಿಗೆ ಈ ರೋಗ ಬಂದಿರುವ ಓದುಗರು ಇನ್ನೊಂದನ್ನು ಗಮನಿಸಿ. ಜಠರದ ಕ್ಯಾನ್ಸರ್ ಅಂಡಾಶಯಕ್ಕೆ ಹರಡುವುದುಂಟು, ಆದ್ದರಿಂದ ಸಿಟಿ ಕಿಬ್ಬೊಟ್ಟೆಯನ್ನು ಪೂರ್ತಿ ಒಳಗೊಂಡಿರಬೇಕು.

ಮತ್ತೆ, ಡಾಕ್ಟರರ ಕೈ. ಎಡಗಡೆ ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಗಟ್ಟಿ ಗ್ರಂಥಿ, ಹೊಕ್ಕುಳಲ್ಲಿ ಸಣ್ಣ ಗಂಟು, ಇವೆರಡೂ ಹೊಟ್ಟೆಯೊಳಗಿನ ಕ್ಯಾನ್ಸರ್ ಹರಡಿರುವುದರ ಹಳೆಯ ಗುರುತುಗಳು. ಹೊಕ್ಕುಳಿನ ಗಂಟಿಗೆ ಸಿಸ್ಟರ್ ಮೇರಿ ಜೋಸೆಫ್ ಎಂಬ ದಾದಿಯ ಹೆಸರಿದೆ. ಅಮೆರಿಕದಲ್ಲಿ ಶಸ್ತ್ರವೈದ್ಯ ವಿಲಿಯಂ ಮೇಯೋ ಅವರ ಜೊತೆ ಕೆಲಸ ಮಾಡುತ್ತಿದ್ದವರು. ಶಸ್ತ್ರಕ್ರಿಯೆಗೆ ಮೊದಲು ರೋಗಿಯ ಹೊಟ್ಟೆಯನ್ನು ಶುಚಿಗೊಳಿಸುವಾಗ, ಹೊಕ್ಕುಳಲ್ಲಿ ಗಂಟು ಇದ್ದವರ ಹೊಟ್ಟೆಯೊಳಗೆ ರೋಗ ಹರಡಿರುತ್ತದೆಂದು ಅವರು ಗುರುತಿಸಿದ್ದರು. ಸ್ಕ್ಯಾನ್‌ಗಳಿಲ್ಲದ ಕಾಲ, ಕಣ್ಣು ಮತ್ತು ಬೆರಳು ಮಾತ್ರ. ಡಾಕ್ಟರರು ನಿಮ್ಮ ತಂದೆಯವರ ಕುತ್ತಿಗೆಯನ್ನೂ ಹೊಕ್ಕುಳನ್ನೂ ಮುಟ್ಟಿ ನೋಡಿರುತ್ತಾರೆ. ನೋಡಿಲ್ಲವೆಂದರೆ ನೋಡಿ ಎಂದು ಕೇಳಿ.

ಖರ್ಚಿನ ವಿಷಯದಲ್ಲಿ, ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ಮಂಗಳೂರಿನ ವೆನ್ಲಾಕ್‌ನಲ್ಲಾಗಲಿ ಯೋಜನೆಯ ನೆರವಿಗೆಂದು ಇರುವ ಆರೋಗ್ಯಮಿತ್ರರನ್ನು ಕಂಡು, ಯಾವ ಪರೀಕ್ಷೆ ಯೋಜನೆಯೊಳಗೆ ಬರುತ್ತದೆ, ಯಾವುದಕ್ಕೆ ಶಿಫಾರಸು ಪತ್ರ ಬೇಕು ಎಂದು ಪರೀಕ್ಷೆಗೆ ಮೊದಲೇ ಕೇಳಿಕೊಳ್ಳಿ. ಮಾಡಿಸಿ ಆದ ಮೇಲೆ ಬಿಲ್ಲು ಹಿಡಿದು ಹೋದರೆ ಕೆಲಸ ಕಷ್ಟ.

ಮುಂದಿನ ಭೇಟಿಗೆ ಹೋಗುವಾಗ ಸಿಟಿಯ ಫಿಲ್ಮ್ ಮಾತ್ರ ಒಯ್ಯಬೇಡಿ, ಸಿ.ಡಿ. ಕೇಳಿ ಪಡೆದುಕೊಳ್ಳಿ. ಫಿಲ್ಮಿನಲ್ಲಿ ಇರುವುದು ಆರಿಸಿದ ಕೆಲವು ಚಿತ್ರಗಳು, ಸಿ.ಡಿ.ಯಲ್ಲಿ ಅಷ್ಟೂ ಬಿಲ್ಲೆಗಳು. ಶಸ್ತ್ರವೈದ್ಯರು, ಕಿಮೋಥೆರಪಿ ಕೊಡುವವರು, ಸ್ಕ್ಯಾನ್ ಓದುವವರು ಒಟ್ಟಿಗೆ ಕೂತು ಚರ್ಚಿಸುವ ಟ್ಯೂಮರ್ ಬೋರ್ಡ್ ಆ ಆಸ್ಪತ್ರೆಯಲ್ಲಿ ಇದೆಯೇ, ಅಪ್ಪನ ಚಿತ್ರಗಳನ್ನು ಅಲ್ಲಿ ಇಡುತ್ತೀರಾ ಎಂದು ಕೇಳಿ. ಲ್ಯಾಪರೋಸ್ಕೋಪಿಗೆ ದಿನ ಗೊತ್ತಾದರೆ, ಹೃದಯಕ್ಕೋ ಬೇರೆಯದಕ್ಕೋ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮರೆಯದೆ ಹೇಳಿ. ತೊಳೆದ ನೀರಿನ ವರದಿ ಬರಲು ಕೆಲವು ದಿನ ಹಿಡಿಯುತ್ತದೆ. ಆ ದಿನಗಳಲ್ಲಿ ಅಪ್ಪನಿಗೆ ಗಂಟೆ ಎರಡು ಗಂಟೆಗೊಮ್ಮೆ ಸ್ವಲ್ಪಸ್ವಲ್ಪವೇ ಗಂಜಿ, ಮೊಟ್ಟೆ, ಮೀನು, ಯಾವುದು ಸೇರುತ್ತದೋ ಅದನ್ನು ಕೊಡುತ್ತಿರಿ. ಮುಂದೆ ಔಷಧವಾಗಲಿ ಶಸ್ತ್ರಕ್ರಿಯೆಯಾಗಲಿ, ತಡೆದುಕೊಳ್ಳಲು ಮೈಯಲ್ಲಿ ಕಸುವಿರಬೇಕು.